ಕಂಬಸಾಲಿನ ಚರಿತ್ರೆ

ಅಕ್ಷರಗಳನ್ನು ಒಂದರ ಪಕ್ಕಕ್ಕೊಂದು ಬರೆಯಲು ಕಲಿತ ಮಾನವನು ಅವುಗಳನ್ನು ಒಂದರ ಕೆಳಗೊಂದು ನಿಲ್ಲಿಸುವುದನ್ನೂ ಬಹು ಹಿಂದೆಯೇ ಕಲಿತನು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ‘ಪ್ಲಿಂಪ್ಟನ್ 322’ ಎಂಬ ಜೇಡಿಮಣ್ಣಿನ ಹಲಗೆಯೊಂದಿದೆ. ಬ್ಯಾಬಿಲೋನಿಯದ ಈ ಹಲಗೆ ಸುಮಾರು ಕ್ರಿ.ಪೂ. 1800ರದು. ಅದರಲ್ಲಿ 15 ಅಡ್ಡಸಾಲುಗಳು, 4 ಕಂಬಸಾಲುಗಳು, ಕಂಬಸಾಲುಗಳಿಗೆ ತಲೆಬರಹ, ಕೊನೆಯದರಲ್ಲಿ ಕ್ರಮಸಂಖ್ಯೆ. ನಮ್ಮ ಲೆಕ್ಕದ ಪುಸ್ತಕದ ಅಚ್ಚುಕಟ್ಟು ಅಲ್ಲಿ ಆಗಲೇ ಇದೆ. ಕ್ರಿ.ಶ. 3ನೆಯ ಶತಮಾನದಲ್ಲಿ ಒರಿಜೆನ್ ಎಂಬ ಕ್ರೈಸ್ತ ವಿದ್ವಾಂಸನು ಹಳೆಯ ಒಡಂಬಡಿಕೆಯ ಹೀಬ್ರೂ ಮೂಲವನ್ನೂ ಗ್ರೀಕ್ ಅನುವಾದಗಳನ್ನೂ 6 ಕಂಬಸಾಲುಗಳಲ್ಲಿ ಅಕ್ಕಪಕ್ಕ ಇರಿಸಿದನು. ಪಾಠಾಂತರಗಳೊಡನೆ ಹೆಣಗಿದವರಿಗೆ ಅದರ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ.

ಬೆರಳಚ್ಚು ಯಂತ್ರ ಬಂದ ಮೇಲೆ ಈ ಕೆಲಸಕ್ಕೆಂದೇ ‘ಟ್ಯಾಬ್’ ಎಂಬ ಕೀಲಿ ಹುಟ್ಟಿತು. ಒತ್ತಿದರೆ ಸಾಕು, ಮೊದಲೇ ಗೊತ್ತುಮಾಡಿದ ನಿಲುಗಡೆಗೆ ಯಂತ್ರ ಜಿಗಿಯುತ್ತಿತ್ತು. 1963ರಲ್ಲಿ ಪ್ರಕಟವಾದ ‘ಆಸ್ಕಿ’ ಸಂಕೇತಮಾಲೆ ಈ ಜಿಗಿತಕ್ಕೆ 9 ಎಂಬ ಸಂಖ್ಯೆಯನ್ನು ಕೊಟ್ಟಿತು. ಯಂತ್ರದ ಚಲನೆಯೊಂದು ಹೀಗೆ ರೂಪವಿಲ್ಲದ ಅಕ್ಷರವಾಯಿತು. ಕಂಪ್ಯೂಟರಿನ ಕಡತದಲ್ಲಿ ಅದರ ಅರ್ಥ ಇಷ್ಟೆ: ಒಂದು ವಿವರ ಮುಗಿಯಿತು, ಮುಂದಿನದು ತೊಡಗಿತು.

ಆದರೆ ತೆರೆಯ ಮೇಲೆ ಟ್ಯಾಬಿನ ನಿಲುಗಡೆಗಳು ಸಾಮಾನ್ಯವಾಗಿ 8 ಸ್ಥಾನಗಳಿಗೊಂದರಂತೆ ಇರುತ್ತವೆ. ಚಿಕ್ಕ ಹೆಸರಿನ ಮುಂದಿನ ಅಂಕಿ 9ನೆಯ ಸ್ಥಾನದಲ್ಲಿ, ದೊಡ್ಡ ಹೆಸರಿನ ಮುಂದಿನದು 17ನೆಯದರಲ್ಲಿ ನಿಂತು ಸಾಲು ಕೆಡುತ್ತದೆ. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮೈಕೆಲ್ ಲೆಸ್ಕ್ ‘ಟಿಬಿಎಲ್’ ಎಂಬ ಕ್ರಮವಿಧಿಯನ್ನು ರಚಿಸಿದರು. ಅದರ ಉಪಾಯ ಸರಳ: ಮೊದಲು ಪ್ರತಿ ಕಂಬಸಾಲಿನಲ್ಲಿ ಅತ್ಯಂತ ಅಗಲವಾದುದನ್ನು ಅಳೆಯುವುದು, ಅನಂತರ ಉಳಿದವುಗಳ ಬದಿಗೆ ತೆರಪು ತುಂಬುವುದು. ಪದಗಳು ಎಡಕ್ಕೆ ಒರಗಿದರೆ, ಅಂಕಿಗಳು ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರುವಂತೆ ಬಲಕ್ಕೆ ನಿಲ್ಲುತ್ತವೆ.

ಈ ಅಳತೆಗೆ ಕನ್ನಡವು ಸುಲಭವಾಗಿ ಒಗ್ಗುವುದಿಲ್ಲ. ‘ಲಕ್ಷ್ಮಿ’ ನಮಗೆ ಎರಡೇ ಅಕ್ಷರ. ಯೂನಿಕೋಡಿನ ಎಣಿಕೆಯಲ್ಲಿ 7 ಸಂಕೇತಗಳು. ಸಂಕೇತಗಳನ್ನೆಣಿಸಿ ತೆರಪು ತುಂಬಿದರೆ ಕಂಬ ವಾಲುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬರಿದಾದ ಮನೆಯದು. ಜಮೆಯ ಮನೆ ಖಾಲಿಯಿದ್ದರೆ ಕಡತದಲ್ಲಿ ಎರಡು ಟ್ಯಾಬುಗಳು ಒತ್ತಟ್ಟಿಗೆ ಬರುತ್ತವೆ. ಅವೆರಡನ್ನೂ ಒಂದೆಂದು ಎಣಿಸುವ ಕ್ರಮವಿಧಿಗಳುಂಟು. ಆಗ ಬಾಕಿಯ 500 ರೂಪಾಯಿ ಸದ್ದಿಲ್ಲದೆ ಸರಿದು ಜಮೆಯ ಕೆಳಗೆ ಕೂರುತ್ತದೆ. ಓರಣವಾಗಿ ಕಾಣುವುದರಿಂದಲೇ ಆ ಸುಳ್ಳನ್ನು ಯಾರೂ ಶಂಕಿಸುವುದಿಲ್ಲ. ಕೋಷ್ಟಕದಲ್ಲಿ ಬರಿದಾದ ಸ್ಥಳವೂ ಬರವಣಿಗೆಯೇ; ಅದನ್ನು ಅಳಿಸದೆ ಉಳಿಸಿದಾಗ ಮಾತ್ರ ಅಂದವು ಸತ್ಯಕ್ಕೆ ನೆರವಾಗುತ್ತದೆ.