ಗೋಡೆಗೆ ಹೊಡೆದ ಲಾಳಿ

ಲೋವರ್ ಪರೇಲ್ ಸ್ಟೇಷನ್ನಿನಿಂದ ಹೊರಗೆ ಬಂದು ಒಮ್ಮೆ ತಲೆ ಎತ್ತಿ ನೋಡಿ. ಗಾಜಿನ ಕಟ್ಟಡಗಳ ನಡುವೆ ಫೀನಿಕ್ಸ್ ಮಿಲ್ಸಿನ ಹಳೆಯ ಚಿಮಣಿ ಇನ್ನೂ ನಿಂತಿದೆ. ಕೆಳಗಡೆ ಮಾಲು. ಸುತ್ತಲಿನ ಕಾಂಪೌಂಡುಗಳಿಗೆ ಕಮಲಾ ಮಿಲ್ಸ್, ಮಥುರಾದಾಸ್ ಮಿಲ್ಸ್, ತೋಡಿ ಮಿಲ್ಸ್ ಅಂತ ಹೆಸರುಗಳು ಹಾಗೇ ಉಳಿದಿವೆ, ಆದರೆ ಒಳಗೆ ನೂಲು ಇಲ್ಲ. ಡಿಸೈನ್ ಸ್ಟುಡಿಯೋ, ಸಂಗೀತದ ಪಬ್ಬು, ಬಣ್ಣ ಬಳಿದ ಗೋಡೆ, ಕೆಫೆ ಇವೆ. ಕಳೆದ ರಜೆಯಲ್ಲಿ ಅಂಥದ್ದೊಂದು ಕೆಫೆಯಲ್ಲಿ ಕೂತಿದ್ದೆ. ಗೋಡೆಯ ಮೇಲೆ ಅಲಂಕಾರಕ್ಕೆ ಅಂತ ಮರದ ಲಾಳಿಯೊಂದನ್ನು ಮೊಳೆ ಹೊಡೆದು ತೂಗುಹಾಕಿದ್ದರು. ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

ನಾವು ಕನ್ನಡಿಗರು ಮುಂಬಯಿಯನ್ನು ಹೋಟೆಲು, ಬ್ಯಾಂಕು, ಮಾಟುಂಗಾದ ಕಡೆಯಿಂದ ನೋಡಿದ್ದೇ ಹೆಚ್ಚು. ಈ ಕಡೆಯನ್ನು ಟ್ರೇನಿನ ಕಿಟಕಿಯಿಂದ ನೋಡಿದ್ದೇವೆ, ಅಷ್ಟೇ. ಇದರ ಹೆಸರು ಗಿರಣಗಾಂವ್, ಅಂದರೆ ಗಿರಣಿಗಳ ಊರು. 1854ರಲ್ಲಿ ಕಾವಸ್‌ಜಿ ದಾವರ್ ತಾಡದೇವದಲ್ಲಿ ಹತ್ತಿ ಗಿರಣಿಗೆ ಕೈಹಾಕಿದರು. ಆಮೇಲೆ ಒಂದರ ಹಿಂದೊಂದು ಗಿರಣಿ ಎದ್ದು, ಐವತ್ತಕ್ಕೂ ಹೆಚ್ಚು ಗಿರಣಿಗಳು ಸುಮಾರು 600 ಎಕರೆಯಲ್ಲಿ ಹರಡಿಕೊಂಡವು. ಕೊಂಕಣ, ಘಟ್ಟದ ಮೇಲಿನ ಹಳ್ಳಿಗಳು, ಉತ್ತರ ಪ್ರದೇಶ, ಎಲ್ಲ ಕಡೆಯಿಂದ ಜನ ಬಂದರು. ಚಾಳಿನ ಒಂದು ಖೋಲಿಯಲ್ಲಿ ಹತ್ತಾರು ಗಂಡಸರು ಪಾಳಿಯ ಮೇಲೆ ಮಲಗುತ್ತಿದ್ದರು. ಒಬ್ಬ ಎದ್ದು ಗಿರಣಿಗೆ ಹೋದರೆ ಅವನ ಜಾಗದಲ್ಲಿ ರಾತ್ರಿ ಪಾಳಿ ಮುಗಿಸಿದವ. ಇವರಿಗೆ ಊಟ ಹಾಕುತ್ತಿದ್ದದ್ದು ಹೆಂಗಸರು ನಡೆಸುತ್ತಿದ್ದ ಖಾನಾವಳಿಗಳು.

ಈಗಿನ ಪತ್ರಿಕೆಗಳು ಈ ಜಾಗಕ್ಕೆ 'ಕಲೆ ಬಂತು' ಅಂತ ಬರೆಯುತ್ತವೆ. ಓದಿದಾಗ ನಗು ಬರುತ್ತದೆ. ಅಣ್ಣಾಭಾವು ಸಾಠೆ, ಅಮರ್ ಶೇಖ್, ಗವಾಣಕರ್ ಸೇರಿ 1944ರಲ್ಲಿ ಲಾಲ್ ಬಾವಟಾ ಕಲಾಪಥಕ ಕಟ್ಟಿದ್ದು ಈ ಕಾರ್ಮಿಕರಿಗಾಗಿಯೇ. ಅಮರ್ ಶೇಖ್ ಯಾರು ಅಂತ ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು? ಹುಟ್ಟು ಹೆಸರು ಮೆಹಬೂಬ್ ಹುಸೇನ್ ಪಟೇಲ್. ಊರು ಬಾರ್ಶಿ, ನಮ್ಮ ವಿಜಯಪುರಕ್ಕೆ ನೆರೆಯ ಸೊಲ್ಲಾಪುರ ಜಿಲ್ಲೆ. ಸಂಯುಕ್ತ ಮಹಾರಾಷ್ಟ್ರ ಚಳವಳಿಗೆ ದನಿಯಾಗಿದ್ದ ಮರಾಠಿ ಶಾಹೀರ್ ಒಬ್ಬ ಮುಸ್ಲಿಂ. ನಾರಾಯಣ ಸುರ್ವೆ ಎಂಬ ದೊಡ್ಡ ಕವಿಯನ್ನು ಹಸುಗೂಸಾಗಿದ್ದಾಗ ಬೀದಿಯಿಂದ ಎತ್ತಿಕೊಂಡು ಬಂದು ಸಾಕಿದ್ದು ಒಬ್ಬ ಗಿರಣಿ ಕಾರ್ಮಿಕ.

ಲೋವರ್ ಪರೇಲಿನಿಂದ ದಕ್ಷಿಣಕ್ಕೆ, ನಾಗಪಾಡಾ ಕಡೆ ಹೋಗುವ ಬಸ್ಸು ಹಿಡಿದರೆ ಮದನಪುರ ಸಿಗುತ್ತದೆ. ಇಲ್ಲಿ ಕೆಫೆ ಇಲ್ಲ, ಚರ್ಮದ ಬ್ಯಾಗು ಹೊಲಿಯುವ ಕಾರ್ಖಾನೆಗಳಿವೆ. 1857ರ ನಂತರ ಉತ್ತರದಿಂದ ಬಂದ ಮುಸ್ಲಿಂ ನೇಕಾರರು ನೆಲೆ ನಿಂತ ಮೊಹಲ್ಲಾ ಇದು. ಕೈಮಗ್ಗ ಸೋತಾಗ ಅವರು ಗಿರಣಿಯ ನೇಯ್ಗೆ ಖಾತೆ ಸೇರಿದರು. ಕೈಫಿ ಆಜ್ಮಿ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತರಾಗಿ ಇದೇ ಗಲ್ಲಿಗಳ ಕಾರ್ಮಿಕರ ನಡುವೆ ಕೆಲಸ ಮಾಡಿದರು. ಸಿನಿಮಾ ಹಾಡಿನ ಕೈಫಿ ನಮಗೆ ಗೊತ್ತು, ಈ ಕೈಫಿ ಗೊತ್ತಿಲ್ಲ.

ಅಲ್ಲಿ ಪರಿಚಯದ ಒಬ್ಬ ಚಾಚಾ ಇದ್ದಾರೆ. ಎಪ್ಪತ್ತು ದಾಟಿದೆ, ನೇಯ್ಗೆ ಖಾತೆಯಲ್ಲಿದ್ದವರು. ಲಾಳಿಯಲ್ಲಿ ಕಂಡಿಕೆ ಖಾಲಿಯಾದಾಗ ಹೊಸ ಕಂಡಿಕೆ ಹಾಕಿ, ನೂಲನ್ನು ಲಾಳಿಯ ಕಣ್ಣಿನಿಂದ ಆಚೆ ತರಬೇಕು. ಹೇಗೆ ಅಂತ ಕೇಳಿದೆ. "ಮುಂಹ್ ಸೇ ಖೀಂಚ್ತೇ ಥೇ, ಬೇಟಾ" ಅಂದರು. ಬಾಯಿಂದ ಎಳೆಯೋದು. ಗಾಳಿಯಲ್ಲೇ ಲಾಳಿ ಹಿಡಿದು ತುಟಿಗಿಟ್ಟು ತೋರಿಸಿದರು. ಉಸಿರಿನ ಜೊತೆ ಹತ್ತಿಯ ಧೂಳೂ ಒಳಗೆ ಹೋಗುತ್ತಿತ್ತಂತೆ.

ಈ ಒಂದು ಉಸಿರಿನಲ್ಲಿ ದೊಡ್ಡ ಕಥೆ ಇದೆ. ಒಬ್ಬ ತುಟಿಗಿಟ್ಟ ಲಾಳಿಯನ್ನು ಮುಂದಿನ ಪಾಳಿಯವನೂ ತುಟಿಗಿಡಬೇಕು. ಅದಕ್ಕೇ ದಲಿತರನ್ನು ನೇಯ್ಗೆ ಖಾತೆಗೆ ಸೇರಿಸುತ್ತಿರಲಿಲ್ಲ. ಗಿರಣಿಯಲ್ಲಿ ಒಳ್ಳೆಯ ಸಂಬಳ ಇದ್ದದ್ದು ಆ ಖಾತೆಯಲ್ಲೇ. ಅಲ್ಲಿ ಇದ್ದವರು ಮರಾಠರು ಮತ್ತು ನಮ್ಮವರು. 1928ರ ಮಹಾ ಮುಷ್ಕರದ ಹೊತ್ತಿಗೆ ಡಾ. ಅಂಬೇಡ್ಕರರು ಇದನ್ನು ಕೆಂಪು ಬಾವುಟದ ನಾಯಕರ ಮುಂದೆಯೇ ಇಟ್ಟು ಕೇಳಿದರು. ನಮ್ಮವರು ಏನು ಹೇಳಿದರು? ನಮ್ಮ ದಸ್ತರಖ್ವಾನಿನ ಸಮಾನತೆಯ ಬಗ್ಗೆ ಭಾಷಣ ಮಾಡುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಚುಚ್ಚುತ್ತದೆ. ನೋವಿನ ಸಂಗತಿ ಅಂದ್ರೆ, 'ಜುಲಾಹಾ' ಅನ್ನೋದು ನಮ್ಮ ಅಶ್ರಫ್ ಮನೆಗಳಲ್ಲಿ ಬೈಗುಳವಾಗಿತ್ತು. ಆ ಅವಮಾನ ಕಳೆದುಕೊಳ್ಳಲಿಕ್ಕೇ ನೇಕಾರರು ಅನ್ಸಾರಿ, ಮೋಮಿನ್ ಎಂಬ ಹೆಸರುಗಳನ್ನು ಹಿಡಿದರು. ತಾವೇ ತುಳಿಸಿಕೊಂಡವರು, ಇನ್ನೊಬ್ಬನಿಗೆ ಮುಚ್ಚಿದ ಬಾಗಿಲಿನ ಒಳಗೆ ನಿಂತಿದ್ದರು.

1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಹೊರಗೆ ಬಂದರು. ಮುಷ್ಕರ ಮುಗಿಯಿತು ಅಂತ ಯಾರೂ ಅಧಿಕೃತವಾಗಿ ಘೋಷಿಸಲಿಲ್ಲ, ಗಿರಣಿಗಳೇ ಮುಗಿದವು. ಮಗ್ಗಗಳು ಭಿವಂಡಿಯ ಕಡೆ ಬೆಳೆದವು. 1991ರ ನಿಯಮದ ಪ್ರಕಾರ ಗಿರಣಿ ಜಮೀನಿನಲ್ಲಿ ಒಂದು ಪಾಲು ಮಾಲೀಕನಿಗೆ, ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಬಡವರ ಮನೆಗಳಿಗೆ ಹೋಗಬೇಕಿತ್ತು. 2001ರಲ್ಲಿ ಅದನ್ನು ತಿದ್ದಿ, ಖಾಲಿ ಇದ್ದ ಜಮೀನಿಗೆ ಮಾತ್ರ ಈ ಪಾಲು ಅಂದರು. ಗಿರಣಿಯಲ್ಲಿ ಖಾಲಿ ಜಮೀನು ಎಷ್ಟಿರುತ್ತೆ ಹೇಳಿ! 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ನೀವು ನೋಡುವ ಗಾಜಿನ ಕಟ್ಟಡಗಳ ಬುಡದಲ್ಲಿ ಈ ಒಂದು ಸಾಲಿನ ತಿದ್ದುಪಡಿ ಇದೆ.

ಚಾಚಾಗೆ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಉಲ್ಟಾ ಲಗಾಯಾ ಹೈ" ಅಂದರು. ಕಂಡಿಕೆ ಕೂರುವ ಹೊಟ್ಟೆಯನ್ನು ಗೋಡೆಗೆ ತಿರುಗಿಸಿ ಮೊಳೆ ಹೊಡೆದಿದ್ದಾರೆ. ಅವರಿಗೆ ಸಿಟ್ಟೇನೂ ಬರಲಿಲ್ಲ. ಫೋನು ವಾಪಸ್ಸು ಕೊಡುತ್ತಾ, ಅದರಲ್ಲಿ ಮ್ಹಾಡಾ ಲಾಟರಿಯ ಪಟ್ಟಿ ಸಿಗುತ್ತಾ ನೋಡು ಅಂದರು. ಗಿರಣಿ ಕಾರ್ಮಿಕರ ಮನೆಗೆ ಅರ್ಜಿ ಹಾಕಿ ಎಷ್ಟೋ ವರ್ಷವಾಗಿದೆ. ಅರ್ಜಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೇಬಿನಲ್ಲೇ ಇಟ್ಟುಕೊಂಡಿದ್ದರು. ನಂಬರ್ ಒಂದೊಂದಾಗಿ ಓದಿ ಹೇಳಿದರು, ನಾನು ಒತ್ತುತ್ತಾ ಹೋದೆ.