ಕಾಂಪೌಂಡು, ಕ್ಯಾಮೆರಾ, ಕಿವಿ: ಶಾಲಾ ಸುರಕ್ಷತೆ ನಡೆದುಬಂದ ದಾರಿ

ನಮ್ಮ ಶಾಲೆಗಳ ಸುರಕ್ಷತಾ ನಿಯಮಗಳಲ್ಲಿ ಹೆಚ್ಚಿನವು ಯಾವುದೋ ಒಂದು ಸಾವಿನ ಬೆನ್ನಿಗೇ ಹುಟ್ಟಿದವು. 1997ರ ನವೆಂಬರಿನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸು ಯಮುನೆಗೆ ಉರುಳಿ 28 ಮಕ್ಕಳು ತೀರಿಕೊಂಡರು. ಶಾಲಾ ಬಸ್ಸುಗಳ ವೇಗ, ಚಾಲಕರ ಅನುಭವ ಹೇಗಿರಬೇಕೆಂದು ಸುಪ್ರೀಂ ಕೋರ್ಟ್ ಆಜ್ಞೆ ಮಾಡಿದ್ದು ಅದಾದ ಮೇಲೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಶಾಲೆಯ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳನ್ನು ಸುಟ್ಟಿತು. ಆ ಬಳಿಕ ಅವಿನಾಶ್ ಮೆಹ್ರೋತ್ರಾ ಎಂಬವರು ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಅರ್ಜಿಯ ಮೇಲೆ 2009ರ ಏಪ್ರಿಲಿನಲ್ಲಿ ತೀರ್ಪು ಬಂತು. ಶಿಕ್ಷಣದ ಹಕ್ಕಿನೊಳಗೇ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದು ನ್ಯಾಯಾಲಯ ಹೇಳಿತು. ಇಂದು ನಮ್ಮ ಶಾಲೆಗಳ ಗೋಡೆಯಲ್ಲಿ ತೂಗುವ, ಬೆಂಕಿ ನಂದಿಸುವ ಕೆಂಪು ಸಿಲಿಂಡರಿಗೆ ಈ ತೀರ್ಪಿನ ಬಲವಿದೆ. ಅದನ್ನು ಬಳಸಲು ಎಷ್ಟು ಶಿಕ್ಷಕರಿಗೆ ಬರುತ್ತದೆ ಅನ್ನುವುದು ಬೇರೆ ಮಾತು.

ದುರಂತದ ಬೆನ್ನು ಹತ್ತಿ ಬರುವ ನಿಯಮಕ್ಕೆ ಒಂದು ದೋಷ ಅಂಟಿಕೊಂಡೇ ಇರುತ್ತದೆ. ಅದು ಹಿಂದಿನ ದುರಂತವನ್ನಷ್ಟೇ ನೋಡುತ್ತದೆ. ಹಳದಿ ಬಸ್ಸಿಗೆ ನಿಯಮ ಬಂತು. ಬಸ್ಸಿನ ಶುಲ್ಕ ಕಟ್ಟಲಾಗದವರು ಮಕ್ಕಳನ್ನು ಆಟೊ, ಓಮ್ನಿಗಳಲ್ಲಿ ತುಂಬಿ ಕಳಿಸುವುದು ಮುಂದುವರಿಯಿತು. 2016ರ ಜೂನ್‌ನಲ್ಲಿ ಕುಂದಾಪುರದ ಬಳಿಯ ತ್ರಾಸಿಯಲ್ಲಿ ಓಮ್ನಿ ಮತ್ತು ಬಸ್ ಡಿಕ್ಕಿಯಾಗಿ ಎಂಟು ಮಕ್ಕಳು ಸತ್ತರು. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಎರಡನೇ ತರಗತಿಯ ಹುಡುಗಿ ಹಳ್ಳದ ಮೇಲಿನ ಕಾಲುಸಂಕ ದಾಟುವಾಗ ನೀರುಪಾಲಾದಳು. ಕಾಲುಸಂಕ ಯಾವ ಶಾಲೆಯ ಕಡತದಲ್ಲೂ ಇರುವುದಿಲ್ಲ. ಶಾಲೆಯ ಹೊಣೆ ಗೇಟಿನಲ್ಲಿ ಮುಗಿಯುತ್ತದೆ, ಮಳೆಗಾಲದ ಹಳ್ಳ ಗೇಟಿನಾಚೆ ಹರಿಯುತ್ತದೆ.

ಇದೇ ಸೀಮೆಯ ಮಕ್ಕಳು ಈ ಮಾತನ್ನು ಬಹಳ ಹಿಂದೆಯೇ ಆಡಿದ್ದರು ಅನ್ನುವುದನ್ನು ಇಲ್ಲಿ ನೆನೆಯಬೇಕು. 1990ರ ದಶಕದಲ್ಲಿ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಕುಂದಾಪುರ ಭಾಗದಲ್ಲಿ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿದಾಗ, ಮಕ್ಕಳು ಊರಿನ ಹಿರಿಯರ ಮುಂದಿಟ್ಟ ಬೇಡಿಕೆಗಳಲ್ಲಿ ಕಾಲುಸಂಕವೂ ಇತ್ತು. ಮುಂದೆ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿಯೇ ಬಂತು. ಒಳ್ಳೆಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇದ್ದಲ್ಲಿ ಅದು ಸಭೆ. ಇಲ್ಲದಲ್ಲಿ ಬಿಸ್ಕತ್ತು ಹಂಚಿ ಫೋಟೊ ತೆಗೆಯುವ ಕಾರ್ಯಕ್ರಮ.

ನಗರದ ಕತೆ ಬೇರೆ ದಿಕ್ಕಿಗೆ ಹೊರಳಿತು. 2012ರಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಯಾಗಿತ್ತಾದರೂ ಶಾಲೆಗಳು ಅದನ್ನು ಗಂಭೀರವಾಗಿ ತೆಗೆದುಕೊಂಡದ್ದು 2014ರ ಜುಲೈನಲ್ಲಿ. ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ದೂರು ದಾಖಲಾಗಿ ಸಾವಿರಾರು ಪೋಷಕರು ಬೀದಿಗಿಳಿದಾಗ. ಸಿಸಿಟಿವಿ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ, ವಾಹನಕ್ಕೆ ಜಿಪಿಎಸ್ ಎಂಬ ಪಟ್ಟಿ ಹೊರಬಿತ್ತು. 2016ರಲ್ಲಿ ರಾಜ್ಯಕ್ಕೊಂದು ಮಕ್ಕಳ ರಕ್ಷಣಾ ನೀತಿಯೂ ಬಂತು. ಅಂದಿನಿಂದ ಸುರಕ್ಷತೆ ಎಂದರೆ ಕ್ಯಾಮೆರಾ ಎಂಬ ಎಣಿಕೆ ಬೇರೂರಿದೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಹುಸಿ ಬಾಂಬ್ ಬೆದರಿಕೆಯ ಇಮೇಲ್ ಬಂದ ದಿನ ಗೇಟು, ಗಾರ್ಡು, ಕ್ಯಾಮೆರಾ ಎಲ್ಲವೂ ಇದ್ದವು. ಭಯ ಅವುಗಳನ್ನೆಲ್ಲ ದಾಟಿ ತಾಯ್ತಂದೆಯರ ವಾಟ್ಸ್‌ಆ್ಯಪ್‌ಗೆ ನೇರವಾಗಿ ಬಂದಿತ್ತು.

ಕ್ಯಾಮೆರಾ ಬೇಡ ಎನ್ನುವುದು ನನ್ನ ವಾದವಲ್ಲ. ಕ್ಯಾಮೆರಾವನ್ನು ಅಧಿಕಾರಿ ಎಣಿಸಬಲ್ಲ, ಬಿಲ್ಲಿಗೆ ರಸೀದಿ ಇರುತ್ತದೆ, ಆದ್ದರಿಂದ ಅದು ಬೇಗ ಹಬ್ಬುತ್ತದೆ. ಮಗುವಿನ ಮಾತಿಗೆ ಕಿವಿಯಾಗುವ ಕೆಲಸಕ್ಕೆ ಈ ಅನುಕೂಲವಿಲ್ಲ. ಆ ಕೆಲಸದ ಚರಿತ್ರೆ ಮಾತ್ರ ಕ್ಯಾಮೆರಾಕ್ಕಿಂತ ಹಳೆಯದು, ಅದರ ಒಂದು ದೊಡ್ಡ ಅಧ್ಯಾಯ ನಡೆದಿರುವುದೂ ಬೆಂಗಳೂರಿನಲ್ಲೇ.

1974ರಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ರೂಪುಗೊಂಡ ಮೇಲೆ ಅಲ್ಲಿನ ಮನೋವಿಜ್ಞಾನಿ ಮಾಳವಿಕಾ ಕಪೂರ್ ಮತ್ತವರ ಸಹೋದ್ಯೋಗಿಗಳು ಶಾಲೆಗಳತ್ತ ಹೊರಟರು. ಮನೋವೈದ್ಯರು ಬೆರಳೆಣಿಕೆಯಷ್ಟು, ಮಕ್ಕಳು ಲಕ್ಷಾಂತರ. ಹಾಗಾಗಿ ದಿನವೂ ಮಗುವಿನ ಮುಖ ನೋಡುವ ಶಿಕ್ಷಕರನ್ನೇ ತರಬೇತುಗೊಳಿಸೋಣ ಎಂಬುದು ಅವರ ಲೆಕ್ಕಾಚಾರ. ಗಲಾಟೆ ಮಾಡುವ ಹುಡುಗ ಮೇಷ್ಟ್ರ ಕಣ್ಣಿಗೆ ತಾನಾಗಿಯೇ ಬೀಳುತ್ತಾನೆ. ಕೊನೆಯ ಬೆಂಚಿನಲ್ಲಿ ಸದ್ದಿಲ್ಲದೆ ಬಾಡುತ್ತಿರುವವಳನ್ನು ಕಾಣಲು ಅಭ್ಯಾಸ ಬೇಕು. ಮುಂದೆ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ವಿಶ್ವ ಆರೋಗ್ಯ ಸಂಸ್ಥೆಯ ಜೀವನ ಕೌಶಲಗಳ ಚೌಕಟ್ಟನ್ನು ಪ್ರೌಢಶಾಲೆಗಳಿಗೆ ಹೊಂದಿಸಿ, ತರಗತಿಯಲ್ಲಿ ಆಡಿಸಬಹುದಾದ ಚಟುವಟಿಕೆಗಳಾಗಿ ಬರೆದರು.

2010ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಪ್ರಾಮಾಣಿಕವಾದದ್ದು. ಕಾರ್ಯಕ್ರಮ ನಡೆದ ಶಾಲೆಗಳ 605 ಮಕ್ಕಳನ್ನು ಬೇರೆ ಶಾಲೆಗಳ 423 ಮಕ್ಕಳೊಂದಿಗೆ ಹೋಲಿಸಿದಾಗ ಆತ್ಮಗೌರವ, ಕಷ್ಟ ಎದುರಿಸುವ ಭರವಸೆ, ಶಿಕ್ಷಕರೊಂದಿಗಿನ ಹೊಂದಾಣಿಕೆ ಚೆನ್ನಾಗಿದ್ದವು. ಮನೆಯ ಹೊಂದಾಣಿಕೆಯಲ್ಲಾಗಲಿ, ಮಾನಸಿಕ ತೊಂದರೆಗಳ ಪ್ರಮಾಣದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ತರಗತಿಯ ಪಾಠ ಶಿಕ್ಷಕರೊಂದಿಗಿನ ಸಂಬಂಧವನ್ನು ಸರಿಪಡಿಸಿತು. ಆಗಲೇ ನೋವಿನಲ್ಲಿರುವ ಮಗುವಿಗೆ ಅದಕ್ಕಿಂತ ಹೆಚ್ಚಿನದು ಬೇಕಿತ್ತು.

ಎಂಟು ವರ್ಷದ ಬಳಿಕ ಬಿಹಾರದಿಂದ ಬಂದ ಫಲಿತಾಂಶ ಇನ್ನೂ ಚುರುಕಾಗಿದೆ. ನಲಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದ ‘ಸೆಹರ್’ ಪ್ರಯೋಗದಲ್ಲಿ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರು, ಕೆಲವೆಡೆ ತರಬೇತಿ ಪಡೆದ, ವೃತ್ತಿಪರರಲ್ಲದ ಆಪ್ತಸಮಾಲೋಚಕರು ನಡೆಸಿದರು. 2018ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ವರದಿಯ ಪ್ರಕಾರ ಸಮಾಲೋಚಕರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು. ಖಿನ್ನತೆಯ ಲಕ್ಷಣ, ಕೀಟಲೆ-ಕಿರುಕುಳ ತಗ್ಗಿದವು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಇದು ಶಿಕ್ಷಕರ ಮೇಲಿನ ದೂರು ಎಂದು ಓದಬಾರದು. ಪಾಠ, ಬಿಸಿಯೂಟದ ಲೆಕ್ಕ, ಚುನಾವಣೆ, ಸಮೀಕ್ಷೆ, ದಿನಕ್ಕೊಂದು ಆ್ಯಪ್‌ಗೆ ಮಾಹಿತಿ ತುಂಬುವ ಗೋಳು, ಇಷ್ಟರ ಮೇಲೆ ‘ಆಪ್ತಸಮಾಲೋಚಕ’ ಎಂಬ ಹೆಸರನ್ನೂ ಹೊರಿಸಿದರೆ ಆಗುವುದು ಅಷ್ಟೇ. ಅಂಕ ಕೊಡುವ ಕೈಯೇ ಗುಟ್ಟು ಕೇಳುವ ಕಿವಿಯೂ ಆಗಬೇಕೆಂದರೆ ಮಕ್ಕಳೂ ಹಿಂಜರಿಯುತ್ತಾರೆ.

ಗುಟ್ಟಿನ ವಿಷಯದಲ್ಲಿ ಇನ್ನೊಂದು ಕಗ್ಗಂಟಿದೆ. ಪೋಕ್ಸೊ ಕಾಯ್ದೆಯ 19ನೇ ಕಲಮು ಲೈಂಗಿಕ ಅಪರಾಧ ಗೊತ್ತಾದವರೆಲ್ಲ ವರದಿ ಮಾಡಲೇಬೇಕು ಎನ್ನುತ್ತದೆ. ಮುಚ್ಚಿಟ್ಟರೆ ಶಿಕ್ಷೆಯಿದೆ, ಸಂಸ್ಥೆಯ ಮುಖ್ಯಸ್ಥರಿಗೆ ಅದು ಹೆಚ್ಚು. ದಶಕಗಳ ಕಾಲ ‘ಶಾಲೆಯ ಮರ್ಯಾದೆ’ ಎಂದು ಹೂತುಹಾಕಿದ್ದನ್ನು ನೆನೆದರೆ ಈ ಕಲಮು ಬೇಕೇ ಬೇಕಿತ್ತು. ಆದರೆ 16ರ ಹುಡುಗಿ ತನ್ನ ಪ್ರೀತಿಯ ಬಗ್ಗೆ ಹೇಳಿಕೊಳ್ಳಲು ಬಂದರೂ ಅದೇ ಕಲಮು ಅಡ್ಡ ನಿಲ್ಲಬಹುದು. ಅನುಭವಿ ಸಮಾಲೋಚಕರು ಮಾತು ಶುರುವಾಗುವ ಮುಂಚೆಯೇ ‘ಎಲ್ಲವನ್ನೂ ನನ್ನಲ್ಲೇ ಇಟ್ಟುಕೊಳ್ಳಲಾರೆ’ ಎಂದು ಹೇಳಿಬಿಡುತ್ತಾರೆ. ಸುತ್ತೋಲೆಗಳಲ್ಲಿ ಇಂಥ ಸೂಕ್ಷ್ಮ ಸಿಗುವುದು ಅಪರೂಪ.

ಕೋವಿಡ್ ಬಂದ ಮೇಲೆ ಸರ್ಕಾರಗಳಿಗೆ ಮನಸ್ಸು ನೆನಪಾಯಿತು. 2020ರಲ್ಲಿ ಕೇಂದ್ರದ ಮನೋದರ್ಪಣ ಯೋಜನೆ, 2022ರ ಅಕ್ಟೋಬರಿನಲ್ಲಿ ನಿಮ್ಹಾನ್ಸ್ ನೇತೃತ್ವದ ಟೆಲಿ-ಮಾನಸ್ ಸಹಾಯವಾಣಿ (14416) ಬಂದವು. ಎನ್‌ಸಿಇಆರ್‌ಟಿ 3.79 ಲಕ್ಷ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ ಶೇ 81ರಷ್ಟು ಮಂದಿ ಆತಂಕಕ್ಕೆ ಓದು, ಪರೀಕ್ಷೆ, ಫಲಿತಾಂಶಗಳೇ ಕಾರಣ ಎಂದರು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟಿದೆ. ಇದನ್ನು ಬರೀ ಸಹಾಯವಾಣಿಯಿಂದ ಎದುರಿಸಲಾಗದು. ಈ ದೃಷ್ಟಿಯಿಂದ ಕರ್ನಾಟಕ 2023-24ರಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ಮೂರು ಪರೀಕ್ಷೆ ತಂದು ‘ಸಪ್ಲಿಮೆಂಟರಿ’ಯ ಹಣೆಪಟ್ಟಿ ಕಿತ್ತದ್ದು ನನಗೆ ಯಾವುದೇ ಸಮಾಲೋಚನಾ ಯೋಜನೆಗಿಂತ ದೊಡ್ಡದಾಗಿ ಕಾಣುತ್ತದೆ. ಅದನ್ನು ಮಾನಸಿಕ ಆರೋಗ್ಯದ ಕ್ರಮವೆಂದು ಕರೆದವರು ಕಡಿಮೆ. ಮೌಲ್ಯಮಾಪಕರ ಹೊರೆ ಹೆಚ್ಚಿತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಫಲಿತಾಂಶದ ದಿನ ಹದಿನಾರರ ಮಗುವಿಗೆ ಇನ್ನೊಂದು ದಾರಿ ಕಾಣಬೇಕು.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ಸುಕದೇಬ್ ಸಾಹಾ ಪ್ರಕರಣದಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿಗಳನ್ನು ಕೊಟ್ಟಿತು. ಇದೂ ಒಬ್ಬ ವಿದ್ಯಾರ್ಥಿನಿಯ ಸಾವಿನ ಬೆನ್ನಿಗೇ ಬಂದದ್ದು. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕರಿರಬೇಕು, ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರೊಂದಿಗೆ ನಂಟು ಬೆಳೆಸಬೇಕು ಎಂಬುದು ಅದರಲ್ಲೊಂದು. ಮಲೆನಾಡಿನ, ಕರಾವಳಿಯ ಎಷ್ಟೋ ಸರ್ಕಾರಿ ಪ್ರಾಥಮಿಕ ಶಾಲೆಗಳು ಈ ‘ಚಿಕ್ಕ’ ಗುಂಪಿಗೇ ಸೇರುತ್ತವೆ. ಅವುಗಳಿಗೆ ಹೊರಗಿನ ತಜ್ಞರೆಂದರೆ ಜಿಲ್ಲಾಸ್ಪತ್ರೆ, ಎರಡು ಬಸ್ಸು ಬದಲಿಸಿದ ಮೇಲೆ.

ಹಾಗೆಂದು ರಾಜ್ಯದಲ್ಲಿ ಈ ಕೆಲಸಕ್ಕೆ ಜನರಿಲ್ಲ ಎನ್ನುವಂತಿಲ್ಲ. ಯುವಸಬಲೀಕರಣ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸಿದ ‘ಯುವ ಸ್ಪಂದನ’ದಲ್ಲಿ ಊರಿನವರೇ ಆದ ತರುಣ ತರುಣಿಯರು ‘ಯುವ ಪರಿವರ್ತಕ’ರಾಗಿ ತರಬೇತಿ ಪಡೆದಿದ್ದಾರೆ. ನಲಂದಾದಲ್ಲಿ ಕೆಲಸ ಮಾಡಿದ್ದೂ ಹೆಚ್ಚುಕಡಿಮೆ ಇಂಥವರೇ. ಒಂದು ಕ್ಲಸ್ಟರಿಗೆ ಒಬ್ಬರಂತೆ ಇಂಥವರನ್ನು ಪೂರ್ಣಾವಧಿಗೆ ನೇಮಿಸಿ, ಶಾಲೆಯಿಂದ ಶಾಲೆಗೆ ನಿಗದಿತ ದಿನ ಹೋಗುವ ಹಾಗೆ ಮಾಡಬಹುದು. ಅವರ ಸಂಬಳ ಶಿಕ್ಷಣ ಇಲಾಖೆಯದೋ, ಆರೋಗ್ಯ ಇಲಾಖೆಯದೋ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದೋ ಎಂಬುದು ಮೊದಲು ತೀರ್ಮಾನವಾಗಬೇಕು.