ಬಾಟಲಿ ಬಾರಿನ ಹೊಸ್ತಿಲು ದಾಟಿದ ಬೇಸಿಗೆ

ತೆಲಂಗಾಣದ ಪಟಾನ್‌ಚೆರುವಿನಿಂದ ಮುಂಬೈ ಹೆದ್ದಾರಿ ಹಿಡಿದರೆ ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದ್. ಅಲ್ಲಿಂದ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿದರೆ ಬೀದರ್. 2020ರ ಮೇ ತಿಂಗಳಲ್ಲಿ ಈ ದಾರಿಯ ಎರಡು ತುದಿಗಳಲ್ಲಿ ಬಾರ್‌ಗಳಿಗೆ ಎರಡು ಕಾನೂನು. ಗಡಿಯಾಚೆ ಕರ್ನಾಟಕದಲ್ಲಿ ಬಾರ್‌ನವರು ಬಾಟಲಿ ಪಾರ್ಸೆಲ್ ಕೊಡಬಹುದಿತ್ತು. ಪಟಾನ್‌ಚೆರುವಿನ ಬಾರ್‌ಗಳ ಷಟರ್ ಮಾತ್ರ ಮಾರ್ಚ್‌ನಲ್ಲಿ ಇಳಿದದ್ದು ಇಳಿದೇ ಇತ್ತು.

ಗಡಿ ಎಂಬುದು ಈ ಸೀಮೆಗೆ ಹೊಸದು. ಪಟಾನ್‌ಚೆರುವೇ ಶಾಸನಗಳ ಪೊಟ್ಟಲಕೆರೆ, ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ನೆಲೆವೀಡು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಮುಂದೆ ನಿಜಾಮರ ಕಾಲದಲ್ಲೂ ಬೀದರ್, ಪಟಾನ್‌ಚೆರು ಎರಡೂ ಒಂದೇ ಸಂಸ್ಥಾನದವು. ಈಚಲು, ತಾಳೆ ಮರಗಳಿಂದ ಇಳಿಸುವ ಸೇಂದಿಯ ಅಬಕಾರಿ ವರಮಾನ ಸೇರುತ್ತಿದ್ದುದೂ ಒಂದೇ ಖಜಾನೆಗೆ. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಬಂತು. ಅದುವರೆಗೆ ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಆಂಧ್ರದ ಮೇದಕ್ ಪಾಲಾಯಿತು. ಅಲ್ಲಿಂದ ಅಬಕಾರಿಯೂ ಎರಡಾಯಿತು: ಬೀದರ್ ಕಡೆ 1965ರ ಕಾಯ್ದೆ, ಪಟಾನ್‌ಚೆರು ಕಡೆ 1968ರದು.

ಎರಡೂ ಕಡೆ ಸನ್ನದಿನ ತಳಪಾಯ ಒಂದೇ. ಕೊಂಡು ಒಯ್ಯುವುದು ಬೇರೆ, ಕೂತು ಕುಡಿಯುವುದು ಬೇರೆ. ಕರ್ನಾಟಕದಲ್ಲಿ ಸಿಎಲ್-2 ಎಂದರೆ ವೈನ್ ಸ್ಟೋರ್, ಸಿಎಲ್-9 ಎಂದರೆ ಬಾರ್ ಆ್ಯಂಡ್ ರೆಸ್ಟೋರೆಂಟ್. ತೆಲಂಗಾಣದಲ್ಲಿ ವೈನ್ಸ್‌ಗೆ ಎ4, ಬಾರ್‌ಗೆ 2ಬಿ. ಅಂಗಡಿಯಲ್ಲಿ ಬಾಟಲಿಗೆ ಎಂಆರ್‌ಪಿ ಕೊಟ್ಟರಾಯಿತು. ಬಾರಿನಲ್ಲಿ ಅದರ ಮೇಲೆ ಕುರ್ಚಿ, ಫ್ಯಾನು, ಐಸು, ಒಂದು ತಟ್ಟೆ ಶೇಂಗಾ, ಆರ್ಡರ್ ಕೇಳಿ ತಂದಿಡುವ ಸಪ್ಲೈಯರ್, ಇಷ್ಟಕ್ಕೂ ದುಡ್ಡು ಕೊಡಬೇಕು. ಬಾರಿನ ಲಾಭವೆಲ್ಲ ಈ ವ್ಯತ್ಯಾಸದಲ್ಲೇ ಇರುವುದು.

2020ರ ಮಾರ್ಚ್ ಕೊನೆಯ ಲಾಕ್‌ಡೌನ್‌ನಲ್ಲಿ ಅಂಗಡಿ, ಬಾರ್ ಎರಡೂ ಮುಚ್ಚಿದವು. ಮೇ 4ರಂದು ಕರ್ನಾಟಕ ಮೊದಲು ತೆರೆದದ್ದು ಅಂಗಡಿಗಳನ್ನು. ಬಿಸಿಲಲ್ಲಿ ಸಾಲುಗಳು ಬೀದಿಯುದ್ದಕ್ಕೂ ಬೆಳೆದವು. ಅಂದು ಒಂದೇ ದಿನ 45 ಕೋಟಿ ರೂಪಾಯಿಯ ವಹಿವಾಟು. ಮಾರನೆಯ ದಿನ ಅದು 197 ಕೋಟಿಗೆ ಏರಿತು. ಇತ್ತ ಬಾರ್‌ಗಳ ಗೋದಾಮಿನಲ್ಲಿ ದುಡ್ಡು ಕೊಟ್ಟು ತಂದ ಸರಕು ಹಾಗೇ ಕೂತಿತ್ತು. ವಿಸ್ಕಿ, ರಮ್ ಕಾಯುತ್ತವೆ, ಬಿಯರ್ ಕಾಯುವುದಿಲ್ಲ. ತಯಾರಾಗಿ ಆರು ತಿಂಗಳಾದರೆ ಅದನ್ನು ಚೆಲ್ಲುವುದೊಂದೇ ದಾರಿ.

ಸನ್ನದುದಾರರ ಅಹವಾಲಿಗೆ ಸರ್ಕಾರ ಓಗೊಟ್ಟಿತು. ಮೇ 9ರಿಂದ 17ರವರೆಗೆ ಬಾರ್, ಪಬ್, ಕ್ಲಬ್‌ಗಳು ತಮ್ಮಲ್ಲಿದ್ದ ದಾಸ್ತಾನನ್ನು ಎಂಆರ್‌ಪಿ ದರದಲ್ಲಿ, ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ, ಪಾರ್ಸೆಲ್ ಮಾತ್ರ ಮಾರಬಹುದು ಎಂದಾಯಿತು. ಕಂಟೈನ್‌ಮೆಂಟ್ ವಲಯಗಳಿಗೆ ಇದು ಅನ್ವಯಿಸುತ್ತಿರಲಿಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೂ ಕೆಲವೇ ದಿನಗಳಲ್ಲಿ ಅವಕಾಶ ಸಿಕ್ಕಿತು: ಒಬ್ಬರಿಗೆ ಎರಡು ಲೀಟರ್‌ವರೆಗೆ ತಾಜಾ ಬಿಯರ್. ಐವತ್ತು ವರ್ಷಕ್ಕೂ ಹಳೆಯದಾದ ಸನ್ನದಿನ ಗೆರೆ ಒಂದೇ ಆದೇಶದಲ್ಲಿ ಸರಿಯಿತು.

ತೆಲಂಗಾಣದ್ದು ಬೇರೆ ಲೆಕ್ಕ. ಅಂಗಡಿ ತೆರೆಯಲು ಮೇ 5ರ ರಾತ್ರಿ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಕೊಟ್ಟ ಮುಖ್ಯ ಕಾರಣವೇ ಗಡಿ. ಸುತ್ತಲಿನ ನಾಲ್ಕೂ ರಾಜ್ಯಗಳಲ್ಲಿ ಅಂಗಡಿ ತೆರೆದಿರುವಾಗ ಇಲ್ಲಿ ಮುಚ್ಚಿದರೆ ಕಳ್ಳಸಾಗಣೆಯಾಗುತ್ತದೆ, ಗುಡುಂಬಾ ಎಂಬ ಕಳ್ಳಭಟ್ಟಿ ತಲೆಯೆತ್ತುತ್ತದೆ ಎಂದರು. ಮರುದಿನ 2,200ಕ್ಕೂ ಹೆಚ್ಚು ವೈನ್ಸ್‌ಗಳು ತೆರೆದವು. ಅಗ್ಗದ ಮದ್ಯಕ್ಕೆ ಶೇ 11, ಉಳಿದವಕ್ಕೆ ಶೇ 16ರಷ್ಟು ಬೆಲೆ ಏರಿತು. ಮಾಸ್ಕ್ ಇಲ್ಲದವರಿಗೆ ಮದ್ಯವಿಲ್ಲ ಎಂದೂ ಹೇಳಿದರು. ಆದರೆ ಬಾರ್‌ಗಳಿಗೆ ಪಾರ್ಸೆಲ್ ಅವಕಾಶ ಸಿಗಲಿಲ್ಲ. ಕರ್ನಾಟಕದ ಬಾರ್‌ಗಳಲ್ಲಿ ಸೆಪ್ಟೆಂಬರ್ 1ರಿಂದ ಜನ ಮತ್ತೆ ಕೂತು ಕುಡಿದರು. ತೆಲಂಗಾಣದ ಬಾರ್‌ಗಳು ತೆರೆದದ್ದು ಅದೇ ತಿಂಗಳ ಕೊನೆಯ ವಾರ. ಬರೋಬ್ಬರಿ ಆರು ತಿಂಗಳು, ಸರಿಸುಮಾರು ಬಿಯರ್ ಬಾಟಲಿಯೊಂದರ ಆಯುಷ್ಯ.

ಕಾಸರಗೋಡಿನ ಕನ್ನಡಿಗರು ಕಂಡದ್ದು ಮೂರನೆಯ ಬಗೆ. ಕೇರಳದಲ್ಲಿ ಮೇ 13ರಿಂದ ಕಳ್ಳಿನಂಗಡಿಗಳಲ್ಲಿ ಪಾರ್ಸೆಲ್ ಶುರುವಾಯಿತು. ಮೇ 28ರಿಂದ ಬೆವ್‌ಕ್ಯೂ ಆ್ಯಪ್‌ನ ಟೋಕನ್ ಹಿಡಿದು ಬಾರ್‌ಗಳಿಂದಲೂ ಸರ್ಕಾರಿ ದರದಲ್ಲಿ ಬಾಟಲಿ ಒಯ್ಯಬಹುದಿತ್ತು. ಅಮೆರಿಕದ ನ್ಯೂಯಾರ್ಕ್ ರಾಜ್ಯವಂತೂ ಮಾರ್ಚ್ ಮಧ್ಯದಲ್ಲೇ ರೆಸ್ಟೋರೆಂಟ್‌ಗಳಿಗೆ ಪಾರ್ಸೆಲ್ ಮದ್ಯದ ಅವಕಾಶ ಕೊಟ್ಟಿತ್ತು, 2021ರ ಜೂನ್‌ನಲ್ಲಿ ಹಿಂದಕ್ಕೆ ಪಡೆಯಿತು, ಮರುವರ್ಷ ಮೂರು ವರ್ಷಗಳ ಮಟ್ಟಿಗೆ ಮತ್ತೆ ಕೊಟ್ಟಿತು.

ಅಂಗಡಿ ತೆರೆದ ಮೇಲೆ ಬಾರ್‌ನಿಂದ ಪಾರ್ಸೆಲ್ ಕೊಡಿಸಿದ್ದು ಸರಿಯೇ. ಒಂದೇ ಬಾಗಿಲ ಮುಂದೆ ಐನೂರು ಮಂದಿ ಒತ್ತಿಕೊಂಡು ನಿಲ್ಲುವುದಕ್ಕಿಂತ ಐದು ಬಾಗಿಲಲ್ಲಿ ಹಂಚಿಕೊಂಡು ನಿಲ್ಲುವುದು ಸೋಂಕಿನ ಕಾಲಕ್ಕೆ ಲೇಸು. ತೆಲಂಗಾಣವೂ ಹಾಗೆ ಮಾಡಬಹುದಿತ್ತು.

ಆದರೆ ಪಾರ್ಸೆಲ್ ಬಾರಿಗೆ ಬೇಕಾದವರು ಗಲ್ಲಾದಲ್ಲೊಬ್ಬ, ಬಾಟಲಿ ಎತ್ತಿಕೊಡಲೊಬ್ಬ. ಟೇಬಲ್ಲೇ ಇಲ್ಲವೆಂದ ಮೇಲೆ ಸಪ್ಲೈಯರ್‌ಗೆ ಕೆಲಸವಿಲ್ಲ, ಟಿಪ್ಸ್ ಇಲ್ಲ; ಅಡುಗೆಯವನ ಒಲೆಯೂ ಉರಿಯುವುದಿಲ್ಲ. ಪಟಾನ್‌ಚೆರುವಿನಂಥ ಕಾರ್ಖಾನೆ ಊರುಗಳ ಬಾರ್‌ಗಳಲ್ಲಿ ದುಡಿಯುವವರಲ್ಲಿ ಹೊರಗಿನಿಂದ ಬಂದವರೂ ಇರುತ್ತಾರೆ. ಹೊಟ್ಟೆಪಾಡಿಗೆ ಬಂದವರ ಗತಿ ಏನಾಗಿತ್ತೆಂಬುದನ್ನು ಆ ಮೇ 1ರ ಬೆಳಗಿನ ಜಾವವೇ ತೋರಿಸಿತ್ತು: ವಲಸೆ ಕಾರ್ಮಿಕರನ್ನು ಊರಿಗೆ ಮುಟ್ಟಿಸುವ ದೇಶದ ಮೊದಲ ವಿಶೇಷ ರೈಲು ಹೊರಟದ್ದು ಪಟಾನ್‌ಚೆರುವಿನ ಪಕ್ಕದ ಲಿಂಗಂಪಲ್ಲಿಯಿಂದ, ಜಾರ್ಖಂಡಿನ ಹಟಿಯಾಕ್ಕೆ, ಸುಮಾರು 1,200 ಮಂದಿಯನ್ನು ಹೊತ್ತು.

ಅಬಕಾರಿ ಆದೇಶ ದಾಸ್ತಾನನ್ನು ನೆನೆಯಿತು, ದರವನ್ನು ನೆನೆಯಿತು, ವೇಳೆಯನ್ನು ನೆನೆಯಿತು. ಇನ್ನೊಂದು ಪಿಡುಗು ಬಂದು ಇಂಥದೇ ಆದೇಶ ಬರೆಯಬೇಕಾಗಿ ಬಂದರೆ, ಬೆಂಗಳೂರೇ ಇರಲಿ ಹೈದರಾಬಾದೇ ಇರಲಿ, ಪಾರ್ಸೆಲ್ ಮಾರುವ ಬಾರ್ ತನ್ನ ಸಪ್ಲೈಯರ್‌ಗಳಿಗೂ ಅಡುಗೆಯವರಿಗೂ ಆ ದಿನಗಳ ಸಂಬಳ ಕೊಡತಕ್ಕದ್ದು ಎಂಬ ಒಂದು ಸಾಲನ್ನು ಅದರಲ್ಲಿ ಸೇರಿಸಬೇಕು.